ಜನರ ನಡುವೆಯೋ, ಒಬ್ಬರೇ ಕೂತೋ? ಈಚಿನ ಕನ್ನಡ ಸಿನಿಮಾಗಳಲ್ಲಿ ಯಾವುದನ್ನು ಹೇಗೆ ನೋಡಬೇಕು

ಶುಕ್ರವಾರ ಸಂಜೆಯಾದರೆ ಸಾಕು, ಗೆಳೆಯರು, ನೆಂಟರು ಎಲ್ಲರದ್ದೂ ಒಂದೇ ಮೆಸೇಜು: "ಯಾವುದಾದ್ರೂ ಒಳ್ಳೇ ಕನ್ನಡ ಸಿನಿಮಾ ಇದ್ರೆ ಹೇಳ್ರೀ." ಕಾಮಿಡಿ ಬೇಕಾ, ಥ್ರಿಲ್ಲರ್ ಬೇಕಾ ಎಂದು ನಾನು ಕೇಳುವುದಿಲ್ಲ. ಯಾರ ಜೊತೆ ಕೂತು ನೋಡ್ತೀರಿ ಎಂದು ಕೇಳುತ್ತೇನೆ.

ಕಾರಣ ಇದೆ. ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಕನ್ನಡದಲ್ಲಿ ಬಂದ ಒಳ್ಳೆಯ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ಹಣೆಪಟ್ಟಿಯ ಕೆಳಗೆ ಪೂರ್ತಿ ಬೇರೆ ಬೇರೆ ಸ್ವಭಾವದ ಎರಡೆರಡು ಸಿನಿಮಾ ಸಿಗುತ್ತವೆ. ಎರಡೂ ಪ್ರೇಮಕತೆ, ಎರಡೂ ಕೊಲೆಯ ಕತೆ. ಆದರೆ ಒಂದಕ್ಕೆ ಸುತ್ತ ಜನ ಬೇಕು, ಇನ್ನೊಂದಕ್ಕೆ ಏಕಾಂತ ಬೇಕು. ಇದನ್ನು ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ. "ಅಷ್ಟೆಲ್ಲ ಹೊಗಳಿದರು, ನನಗೇನೂ ಅನ್ನಿಸಲಿಲ್ಲ" ಎನ್ನುವವರಲ್ಲಿ ಬಹಳ ಜನ ಒಳ್ಳೆಯ ಸಿನಿಮಾವನ್ನೇ ನೋಡಿರುತ್ತಾರೆ, ನೋಡಬಾರದ ಹೊತ್ತಿನಲ್ಲಿ, ನೋಡಬಾರದ ರೀತಿಯಲ್ಲಿ ನೋಡಿರುತ್ತಾರೆ. ಹಾಗಾಗಿ ಇಲ್ಲಿ ಜೋಡಿ ಜೋಡಿಯಾಗಿ ಹೋಲಿಸಿದ್ದೇನೆ. ಕತೆಯ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ.

ಮೈಮೇಲೆ ಬರುವ ಕತೆಗಳು: 'ಕಾಂತಾರ' ಮತ್ತು 'ಸು ಫ್ರಮ್ ಸೋ'

ಎರಡೂ ಕರಾವಳಿಯ ಚಿತ್ರಗಳು. ಎರಡರಲ್ಲೂ ಒಬ್ಬನ ಮೈಮೇಲೆ ಏನೋ ಬರುತ್ತದೆ, ಊರು ಅದನ್ನು ನಂಬುತ್ತದೆ. ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ.

2022ರ ಸೆಪ್ಟೆಂಬರ್ 30ರಂದು ಬಂದ 'ಕಾಂತಾರ'ದ ಬೇರು ಇರುವುದು ಜಮೀನಿನಲ್ಲಿ. ಅರಸನೊಬ್ಬ ನೆಮ್ಮದಿ ಹುಡುಕಿಕೊಂಡು ಕಾಡಿಗೆ ಬಂದು, ದೈವದ ಕಲ್ಲಿಗೆ ಬದಲಾಗಿ ಭೂಮಿಯನ್ನು ಊರಿನವರಿಗೆ ಬಿಟ್ಟುಕೊಡುತ್ತಾನೆ. ತಲೆಮಾರುಗಳ ನಂತರ ಅವನ ವಂಶದವರು ಅದನ್ನು ವಾಪಸ್ ಕೇಳುತ್ತಾರೆ. ಒಂದು ಕಡೆ ಧಣಿ, ಇನ್ನೊಂದು ಕಡೆ ಗಡಿ ಗುರುತು ಹಾಕಲು ಬಂದ ಅರಣ್ಯ ಇಲಾಖೆ, ನಡುವೆ ಕಂಬಳದ ಗದ್ದೆಯಲ್ಲಿ ಕೋಣ ಓಡಿಸುವ ಶಿವ. ರಿಷಬ್ ಶೆಟ್ಟಿ ತಮ್ಮದೇ ಊರಾದ ಕುಂದಾಪುರ ಸೀಮೆಯ ಕೆರಾಡಿಯಲ್ಲಿ ಇದನ್ನು ಚಿತ್ರಿಸಿದರು. ತಾವೇ ಮಾಡಿದ ಶಿವನ ಪಾತ್ರಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿಯೂ ಬಂತು. ಕೊನೆಯ ಇಪ್ಪತ್ತು ನಿಮಿಷದಲ್ಲಿ ಮಾತು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ದೈವದ ಆ ಕೂಗು, ಅಜನೀಶ್ ಲೋಕನಾಥ್ ಅವರ ಸಂಗೀತ, ಮೈಯ ಕುಣಿತ, ಇವಿಷ್ಟೇ ಕತೆಯನ್ನು ಮುಗಿಸುತ್ತವೆ. ಫೋನಿನ ಸ್ಪೀಕರಿನಲ್ಲಿ ಇದು ಖಂಡಿತ ಆಗುವ ಕೆಲಸವಲ್ಲ. ಮನೆಯಲ್ಲಿ ನೋಡುವುದಾದರೆ ದೀಪ ಆರಿಸಿ, ಒಳ್ಳೆಯ ಸ್ಪೀಕರಿಗೋ ಹೆಡ್‌ಫೋನಿಗೋ ಜೋಡಿಸಿಕೊಂಡು ನೋಡಿ. ನಡುವಿನ ಪ್ರೇಮದ ಭಾಗ, ಅದರಲ್ಲೂ ಕೇಳದೆ ಹೇಳದೆ ಸೊಂಟ ಚಿವುಟುವ ದೃಶ್ಯ, ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಅಷ್ಟು ಗಂಭೀರವಾದ ಚಿತ್ರಕ್ಕೆ ಅದು ಬೇಕಿರಲಿಲ್ಲ.

'ಸು ಫ್ರಮ್ ಸೋ' 2025ರ ಜುಲೈ 25ರಂದು ಬಂತು. ಜೆ.ಪಿ. ತುಮಿನಾಡ್ ನಿರ್ದೇಶಿಸಿ, ತಾವೇ ಅಶೋಕನ ಪಾತ್ರ ಮಾಡಿದ್ದಾರೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು, ಗುರೂಜಿಯಾಗಿ ಪಾತ್ರವನ್ನೂ ಮಾಡಿದ್ದಾರೆ. ಸೋಮೇಶ್ವರದ ಸುಲೋಚನ ಎಂಬವಳ ಆತ್ಮ ಅಶೋಕನನ್ನು ಹಿಡಿದಿದೆ ಎಂದು ಊರಿಗೆ ಊರೇ ನಂಬಿ ಕೂರುತ್ತದೆ. ಅಲ್ಲಿಂದ ಶುರುವಾಗುವ ಗಲಾಟೆಗೆ ಕೊನೆಯಿಲ್ಲ. ಈ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಒಬ್ಬರೇ ನೋಡಿದವರು "ಪರವಾಗಿಲ್ಲ" ಅಂದಿದ್ದನ್ನು ಕೇಳಿದ್ದೇನೆ. ಥಿಯೇಟರಿನಲ್ಲಿ ನೋಡಿದವರು ಹಾಗೆ ಹೇಳಿದ್ದನ್ನು ಕೇಳಿಲ್ಲ. ಇದರ ನಗು ಒಬ್ಬ ಕಾಮಿಡಿ ನಟನ ಮೇಲೆ ನಿಂತಿಲ್ಲ, ಇಡೀ ಊರಿನ ಮೇಲೆ ನಿಂತಿದೆ. ಶನೀಲ್ ಗೌತಮ್ ಮಾಡಿದ ರವಿಯಣ್ಣ ಮುಂದೆ ನಿಂತು ಗತ್ತಿನಲ್ಲಿ ಮಾತಾಡುತ್ತಿದ್ದರೆ, ಹಿಂದೆ ನಿಂತವರಲ್ಲಿ ಒಬ್ಬನೂ ಸುಮ್ಮನಿರುವುದಿಲ್ಲ. ಒಬ್ಬ ತಲೆಯಾಡಿಸುತ್ತಾನೆ, ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಉಸುರುತ್ತಾನೆ. ಬಹಳಷ್ಟು ಕಲಾವಿದರು ತುಳು ರಂಗಭೂಮಿಯಿಂದ ಬಂದವರು. ಯಾವ ಮಾತಿಗೆ ಎಷ್ಟು ಹೊತ್ತು ತಡೆಯಬೇಕು ಎಂಬುದು ವೇದಿಕೆಯ ಮೇಲೆ ಪ್ರೇಕ್ಷಕರ ಎದುರಿಗೇ ಕಲಿತದ್ದು. ಅಂಥ ನಗು ಜನರಿದ್ದಾಗಲೇ ಚೆನ್ನಾಗಿ ಹತ್ತುತ್ತದೆ.

ಎರಡನೇ ಭಾಗದಲ್ಲಿ ಭಾನು ಬಂದ ಮೇಲೆ ಚಿತ್ರದ ದಿಕ್ಕು ಬದಲಾಗುತ್ತದೆ. ನಗಿಸುತ್ತಿದ್ದ ಅದೇ ಊರು ಒಬ್ಬ ಹೆಣ್ಣುಮಗಳ ಕಷ್ಟದ ಮುಂದೆ ನಿಲ್ಲಬೇಕಾಗುತ್ತದೆ. ಸಂಧ್ಯಾ ಅರಕೆರೆ ಅಲ್ಲಿ ಒಂದಿಷ್ಟೂ ಹೆಚ್ಚು ಮಾಡದೆ ನಟಿಸಿದ್ದಾರೆ. ಕೆಲವರಿಗೆ ಈ ತಿರುವು ಇಷ್ಟವಾಗಲಿಲ್ಲ. ನನಗಂತೂ ಇದಿಲ್ಲದಿದ್ದರೆ ಚಿತ್ರ ಬರೀ ಗಲಾಟೆಯಾಗಿ ಉಳಿಯುತ್ತಿತ್ತು ಅನ್ನಿಸಿತು.

ಆದ್ದರಿಂದ ಮನೆಗೆ ನೆಂಟರು ಬಂದಿದ್ದಾರೆ, ಊಟ ಮುಗಿದಿದೆ, ಎಲ್ಲರೂ ಹಾಲಿನಲ್ಲೇ ಕಾಲು ಚಾಚಿದ್ದಾರೆ ಎಂದರೆ 'ಸು ಫ್ರಮ್ ಸೋ' ಹಾಕಿ. ಕುಡಿತದ ಮಾತು, ಒಂದಷ್ಟು ಪೋಲಿ ಹಾಸ್ಯ ಇದೆ, ಚಿಕ್ಕ ಮಕ್ಕಳಿದ್ದರೆ ಅದು ಗಮನದಲ್ಲಿರಲಿ. ನಡುವೆ ಮಾತಾಡದೆ ಕೂರಬಲ್ಲವರಿದ್ದರೆ ಮಾತ್ರ 'ಕಾಂತಾರ'. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಕತೆಯ ಕಾಲದಲ್ಲಿ ಹಿಂದಿನದು, ಕದಂಬರ ಕಾಲಕ್ಕೆ ಹೋಗುತ್ತದೆ. ಹಾಗಂತ ಅದನ್ನು ಮೊದಲು ನೋಡಬೇಡಿ. ಅದು ವೈಭವದ, ಯುದ್ಧದ ಸಿನಿಮಾ. ಮೊದಲ ಚಿತ್ರದ ಮಣ್ಣಿನ ವಾಸನೆ ಮೂಗಿಗೆ ಹತ್ತಿದ ಮೇಲೆ ಅದರ ಅಬ್ಬರಕ್ಕೆ ಅರ್ಥ ಬರುತ್ತದೆ.

ಮಲೆನಾಡಿನ ಎರಡು ಅಪರಾಧ: 'ಶಾಖಾಹಾರಿ' ಮತ್ತು 'ಅಜ್ಞಾತವಾಸಿ'

ಈ ಜೋಡಿಯ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಲದು. ಎರಡರಲ್ಲೂ ಮಲೆನಾಡು, ಎರಡರಲ್ಲೂ ಕೊಲೆ, ಎರಡರ ಮಧ್ಯದಲ್ಲೂ ರಂಗಾಯಣ ರಘು. ಮೈಸೂರಿನ ರಂಗಾಯಣದಲ್ಲಿ ಬಿ.ವಿ. ಕಾರಂತರ ಗರಡಿಯಲ್ಲಿ ಪಳಗಿದ ನಟ. ನಮ್ಮ ಸಿನಿಮಾಗಳು ವರ್ಷಾನುಗಟ್ಟಲೆ ಅವರಿಂದ ಕಿರುಚಾಟ, ಕಣ್ಣು ತಿರುಗಿಸುವುದು, ಖಳನ ಪಕ್ಕದ ಕಾಮಿಡಿ ಇವನ್ನೇ ಮಾಡಿಸಿದವು. ಈ ಎರಡು ಚಿತ್ರಗಳಲ್ಲಿ ಅವರು ದನಿ ತಗ್ಗಿಸಿದ್ದಾರೆ. ತಗ್ಗಿಸಿದ ದನಿಯಲ್ಲಿ ಎಷ್ಟಿತ್ತು ಎಂಬುದು ಈಗ ಗೊತ್ತಾಗಿದೆ.

'ಶಾಖಾಹಾರಿ' (2024ರ ಫೆಬ್ರುವರಿ) ಸಂದೀಪ್ ಸುಂಕದ ಅವರ ಮೊದಲ ಚಿತ್ರ. ಸುಬ್ಬಣ್ಣ ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನವನು. ಒಂಟಿ ಜೀವ. ಒಲೆ, ಪಾತ್ರೆ, ಗಿರಾಕಿ, ಇಷ್ಟೇ ಅವನ ಪ್ರಪಂಚ. ಪೊಲೀಸರ ಕೈಯಿಂದ ತಪ್ಪಿಸಿಕೊಂಡ, ಗಾಯಗೊಂಡ ಆರೋಪಿಯೊಬ್ಬ ಅವನ ಹೋಟೆಲಿನೊಳಗೆ ಬಂದು ಸೇರುತ್ತಾನೆ. ಹುಡುಕುತ್ತಿರುವ ಇನ್ಸ್‌ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ. ಇಬ್ಬರೂ ರಂಗಭೂಮಿಯವರು. ಒಬ್ಬರ ಮಾತಿಗೆ ಇನ್ನೊಬ್ಬರು ಕಾಯುವ ಕಲೆ ಇಬ್ಬರಿಗೂ ಗೊತ್ತು.

ಈ ಚಿತ್ರದಲ್ಲಿ ಹೆದರಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಗಮನಿಸಿ. ಕತ್ತಲೆಯಿಂದಲ್ಲ, ಹಿನ್ನೆಲೆ ಸಂಗೀತದಿಂದಲೂ ಅಲ್ಲ. ಹೋಟೆಲಿನ ದಿನಚರಿಯಿಂದ. ಒಲೆ ಹಚ್ಚಲೇಬೇಕು, ಬಾಗಿಲು ತೆರೆಯಲೇಬೇಕು, ಬಂದವರಿಗೆ ಬಡಿಸಲೇಬೇಕು. ಹೊರಗೆ ಬೆಂಚಿನ ಮೇಲೆ ತಿಂಡಿಗೆ ಕೂತವರು, ಒಳಗೆ ಬಚ್ಚಿಟ್ಟ ಗುಟ್ಟು, ನಡುವೆ ಓಡಾಡುವ ಸುಬ್ಬಣ್ಣ. ನಿನ್ನೆಯವರೆಗೆ ಅಭ್ಯಾಸಬಲದಲ್ಲಿ ಮಾಡುತ್ತಿದ್ದ ಕೆಲಸವನ್ನು ಇವತ್ತು ಯಾರಿಗೂ ಅನುಮಾನ ಬರದ ಹಾಗೆ ಮಾಡಬೇಕು. ರಘು ಇದನ್ನು ಮುಖದಲ್ಲಿ ತೋರಿಸುವುದಕ್ಕಿಂತ ಹೆಚ್ಚಾಗಿ ನಡಿಗೆಯಲ್ಲಿ ತೋರಿಸುತ್ತಾರೆ. ಅದೇ ನಡಿಗೆ, ಸ್ವಲ್ಪ ಜಾಸ್ತಿ ಸಲೀಸು. ಒಳ್ಳೆಯ ಮನುಷ್ಯ ಹೇಳಿದ ಒಂದು ಸುಳ್ಳು ಹೇಗೆ ಮುಂದಿನ ಸುಳ್ಳನ್ನು ಕೇಳುತ್ತದೆ ಎಂಬುದೇ ಕತೆ. ನೋಡುವವರೂ ಅವನ ಪರ ನಿಂತುಬಿಟ್ಟಿರುತ್ತಾರೆ, ನಿಂತದ್ದು ಸರಿಯೇ ಎಂದು ಚಿತ್ರ ಮುಗಿದ ಮೇಲೆ ಜಗಳ ಶುರುವಾಗುತ್ತದೆ. ಅದಕ್ಕೇ ಇದನ್ನು ಇಬ್ಬರೋ ಮೂವರೋ ಕೂತು ನೋಡಬೇಕು.

'ಅಜ್ಞಾತವಾಸಿ' (2025ರ ಏಪ್ರಿಲ್ 11) ಇದಕ್ಕೆ ತದ್ವಿರುದ್ಧ. ಇಲ್ಲಿ ರಘು ಪೊಲೀಸ್ ಸಮವಸ್ತ್ರದಲ್ಲಿದ್ದಾರೆ. ಕಾಲ 1997. ಎಷ್ಟೋ ವರ್ಷಗಳಿಂದ ಒಂದು ಪ್ರಕರಣವೂ ಇಲ್ಲದ ಠಾಣೆ, ಊರಿಗೆ ಹೊಸದಾಗಿ ಬಂದ ಕಂಪ್ಯೂಟರ್, ಆಮೇಲೆ ಒಂದು ಸಾವು. 'ಗುಳ್ಟು' ಮಾಡಿದ್ದ ಜನಾರ್ದನ ಚಿಕ್ಕಣ್ಣ ನಿರ್ದೇಶಕರು, ಹೇಮಂತ್ ಎಂ. ರಾವ್ ನಿರ್ಮಾಪಕರು. ಅದ್ವೈತ ಗುರುಮೂರ್ತಿಯವರ ಕ್ಯಾಮೆರಾ ಮಂಜನ್ನು, ಮಳೆಯನ್ನು, ಹಳೇ ಮನೆಗಳ ಅರೆಬೆಳಕನ್ನು ಅವಸರವಿಲ್ಲದೆ ನೋಡುತ್ತದೆ. ಕತೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಯಾರು ಮಾಡಿದರು ಎಂಬುದಕ್ಕಿಂತ ಯಾಕೆ ಮಾಡಿದರು ಎಂಬುದು ಮುಖ್ಯ. ಎದ್ದು ನೀರು ಕುಡಿದು ಬಂದರೂ ಒಂದು ಎಳೆ ತಪ್ಪಿಹೋಗುತ್ತದೆ. ರಾತ್ರಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಒಬ್ಬರೇ ನೋಡಬೇಕಾದ ಸಿನಿಮಾ.

ನನ್ನ ಆಯ್ಕೆ ಕೇಳಿದರೆ 'ಶಾಖಾಹಾರಿ'. 'ಅಜ್ಞಾತವಾಸಿ'ಯ ನಿಧಾನ ಕೆಲವು ಕಡೆ ಕತೆಗೆ ಬೇಕಾದದ್ದು, ಕೆಲವು ಕಡೆ ಚೆಂದಕ್ಕೆ ಇಟ್ಟದ್ದು ಅನ್ನಿಸುತ್ತದೆ. 'ಶಾಖಾಹಾರಿ'ಯಲ್ಲಿ ಸುಬ್ಬಣ್ಣನ ಹೋಟೆಲಿನ ಒಂದು ಪಾತ್ರೆಯೂ ಸುಮ್ಮನೆ ಇಟ್ಟದ್ದಲ್ಲ. ಆದರೆ ಮಳೆಗಾಲದಲ್ಲಿ ಊರು ನೆನಪಾಗಿ ಮನಸ್ಸು ಭಾರವಾದವರಿಗೆ ನಾನು 'ಅಜ್ಞಾತವಾಸಿ'ಯನ್ನೇ ಹೇಳುತ್ತೇನೆ.

ಪ್ರೀತಿ: 'ಸಪ್ತ ಸಾಗರದಾಚೆ ಎಲ್ಲೋ' ಮತ್ತು 'ಸ್ವಾತಿ ಮುತ್ತಿನ ಮಳೆ ಹನಿಯೇ'

2023ರ ನವೆಂಬರಿನಲ್ಲಿ ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ'ದ ಎರಡನೇ ಭಾಗವಾದ ಸೈಡ್ ಬಿ ಬಂದು (17ನೇ ತಾರೀಖು) ಒಂದು ವಾರಕ್ಕೆ ರಾಜ್ ಬಿ. ಶೆಟ್ಟಿಯವರ 'ಸ್ವಾತಿ ಮುತ್ತಿನ ಮಳೆ ಹನಿಯೇ' (24ನೇ ತಾರೀಖು) ಬಂತು. ಕನ್ನಡದಲ್ಲಿ ಪ್ರೀತಿಯ ಬಗ್ಗೆ ಇಷ್ಟು ಗಂಭೀರವಾದ ಎರಡು ಸಿನಿಮಾ ಹೀಗೆ ಬೆನ್ನುಬೆನ್ನಿಗೆ ಬಂದದ್ದು ನನಗೆ ನೆನಪಿಲ್ಲ.

ಅಡಿಗರ ಕವಿತೆಯ ಸಾಲನ್ನು ಹೆಸರಾಗಿ ಇಟ್ಟುಕೊಂಡ 'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗದ ಚಿತ್ರ. ಸೈಡ್ ಎ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ 1ಕ್ಕೆ. ಮನು ಒಬ್ಬ ಶ್ರೀಮಂತರ ಮನೆಯ ಕಾರು ಡ್ರೈವರ್, ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಒಂದು ಮನೆ ಬೇಕು, ಅಷ್ಟೇ. ಆ ಮನೆಯ ದುಡ್ಡಿಗಾಗಿ, ತಾನು ಮಾಡದ ಅಪಘಾತವನ್ನು ಮನು ತಲೆಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಎಂದವರು ಬಿಡಿಸುವುದಿಲ್ಲ. ಪ್ರೇಮಿಗಳ ನಡುವೆ ನಿಲ್ಲುವುದು ಜಾತಿಯೋ ಅಪ್ಪನೋ ಅಲ್ಲ, ಬಾಡಿಗೆ ಮನೆಯಲ್ಲಿರುವವರ ಸ್ವಂತ ಮನೆಯ ಆಸೆ. ಬೆಂಗಳೂರಿನಲ್ಲಿ ದುಡಿಯುವ ಯಾರಿಗಾದರೂ ಈ ಆಸೆ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಜೈಲಿನ ಭೇಟಿಯ ದೃಶ್ಯಗಳಲ್ಲಿ ರುಕ್ಮಿಣಿ ವಸಂತ್ ಅವರನ್ನು ನೋಡಿ. ಸಿಗುವ ಸ್ವಲ್ಪವೇ ಹೊತ್ತಿನಲ್ಲಿ ಅಳುವುದೋ, ಕೆಲಸದ ಮಾತು ಮುಗಿಸುವುದೋ, ಅವನನ್ನು ನಗಿಸುವುದೋ ಎಂದು ತೀರ್ಮಾನಿಸಬೇಕಾದ ಹುಡುಗಿ. ಅವಳು ಮೊದಲು ನಗಿಸಲು ನೋಡುತ್ತಾಳೆ. ಟೇಪಿನಲ್ಲಿ ಅವಳು ತುಂಬಿಸಿಟ್ಟ ದನಿ ಅವನಿಗೆ ಒಳಗೆ ಉಳಿಯುವ ಆಸರೆ. ಚರಣ್ ರಾಜ್ ಸಂಗೀತ ಆ ದನಿಗೆ ಜಾಗ ಬಿಟ್ಟು ದೂರ ನಿಲ್ಲುತ್ತದೆ. ಸೈಡ್ ಎ ತುಂಬ ನೀಲಿ ಬಣ್ಣ, ಸೈಡ್ ಬಿ ತುಂಬ ಕೆಂಪು. ಇದನ್ನು ಯಾರೂ ಹೇಳದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ.

ಎರಡನ್ನೂ ಒಂದೇ ದಿನ ನೋಡಬೇಡಿ ಎಂಬುದು ನನ್ನ ಗಟ್ಟಿ ಮಾತು. ಸೈಡ್ ಎ ತನ್ನಷ್ಟಕ್ಕೆ ಪೂರ್ತಿಯಾದ ಸಿನಿಮಾ, ಅದು ಒಳಗೆ ಇಳಿಯಲು ಕೆಲವು ದಿನವಾದರೂ ಬೇಕು. ಸೈಡ್ ಬಿಯಲ್ಲಿ ಮನು ಹೊರಗೆ ಬಂದಿದ್ದಾನೆ, ಪ್ರಿಯಾಳಿಗೆ ಬೇರೆ ಸಂಸಾರವಿದೆ. ಅವನು ಅವಳ ಬದುಕಿನ ಸುತ್ತ ಸುಳಿಯುತ್ತಾನೆ. ಇದು ಪ್ರೀತಿಯೇ, ಅಲ್ಲ ಹಿಂಬಾಲಿಸುವ ಹುಚ್ಚೇ ಎಂದು ಆಗ ಜಗಳಗಳೇ ನಡೆದವು. ನನಗೆ ಚಿತ್ರ ಅವನನ್ನು ಸಮರ್ಥಿಸುತ್ತಿದೆ ಅನ್ನಿಸಲಿಲ್ಲ. ಅವನು ಹಾಳಾಗುವುದನ್ನು ನಮ್ಮ ಕಣ್ಣಮುಂದೆಯೇ ಇಡುತ್ತದೆ. ಚೈತ್ರಾ ಆಚಾರ್ ಮಾಡಿದ ಸುರಭಿ ಇಲ್ಲದಿದ್ದರೆ ಆ ಭಾಗವನ್ನು ತಾಳಿಕೊಳ್ಳುವುದು ಕಷ್ಟವಿತ್ತು. ಇಡೀ ಚಿತ್ರದಲ್ಲಿ ಮನುವನ್ನು ಇದ್ದ ಹಾಗೇ ನೋಡುವವಳು ಅವಳೊಬ್ಬಳು.

'ಸ್ವಾತಿ ಮುತ್ತಿನ ಮಳೆ ಹನಿಯೇ' ಚಿಕ್ಕ ಚಿತ್ರ, ಕಡಿಮೆ ಮಾತಿನದು. ಪ್ರೇರಣಾ ಸಾವಿನ ಅಂಚಿನಲ್ಲಿರುವ ರೋಗಿಗಳ ಆರೈಕೆ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ದಿನವೂ ಬೇರೆಯವರಿಗೆ ಧೈರ್ಯ ಹೇಳುವವಳ ಸ್ವಂತ ಸಂಸಾರ ಒಣಗಿಹೋಗಿದೆ. ಅಲ್ಲಿಗೆ ಬರುವ ಅನಿಕೇತ್ ಯಾವ ಸಮಾಧಾನದ ಮಾತನ್ನೂ ಕೇಳಲು ಒಪ್ಪದ ರೋಗಿ. ಸಿರಿ ರವಿಕುಮಾರ್ ಅವರ ಮುಖದಲ್ಲಿ ನಗು ವಾಪಸ್ ಬರುವುದನ್ನೇ ಚಿತ್ರ ಕಾಯುತ್ತಾ ಕೂರುತ್ತದೆ, ನಾವೂ ಕಾಯುತ್ತೇವೆ. ಕೆಲವು ಸಂಭಾಷಣೆ ಬರೆದಿಟ್ಟ ಕವಿತೆಯ ಹಾಗೆ ಕೇಳಿಸುತ್ತದೆ, ಅದೊಂದು ಕೊರತೆ. ಆದರೆ ಸಾವಿನ ಮನೆಯನ್ನು ಗೋಳಾಟವಿಲ್ಲದೆ ತೋರಿಸಿದ್ದಕ್ಕೆ ನಾನು ಇದನ್ನು ಗೌರವದಿಂದ ನೆನೆಯುತ್ತೇನೆ.

ಆರಿಸುವುದು ಹೇಗೆ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ಈಚೆಗೆ ಯಾರನ್ನಾದರೂ ಕಳೆದುಕೊಂಡಿದ್ದರೆ, 'ಸ್ವಾತಿ ಮುತ್ತಿನ ಮಳೆ ಹನಿಯೇ' ಈಗ ಬೇಡ. ಅದು ಇನ್ನೊಂದು ವರ್ಷ ಕಾಯಲಿ. ಮದುವೆಯಾಗಿ ಹತ್ತು ಹದಿನೈದು ವರ್ಷ ಕಳೆದವರು ಗಂಡ ಹೆಂಡತಿ ಜೊತೆಗೆ ಕೂತು ನೋಡಿ, ಆಮೇಲೆ ಒಬ್ಬರಿಗೊಬ್ಬರು ಹೇಳುವುದಕ್ಕೆ ಏನಾದರೂ ಸಿಗುತ್ತದೆ. ಸೈಡ್ ಎ ಮಾತ್ರ ಥಿಯೇಟರಿನಲ್ಲೂ ಏಕಾಂತ ಕೊಡುವ ಚಿತ್ರ. ಇನ್ನೂರು ಜನರ ನಡುವೆ ಕೂತಿದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಹಳೆಯ ಹೆಸರೊಂದನ್ನು ನೆನೆಯುತ್ತಾ ಕೂತಿರುತ್ತಾರೆ.

ಹುಡುಗರ ಚಿತ್ರಗಳು

'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' (2023ರ ಜುಲೈ) ಮತ್ತು 'ಡೇರ್‌ಡೆವಿಲ್ ಮುಸ್ತಾಫಾ' (2023ರ ಮೇ), ಇವೆರಡರ ನಡುವೆ ಆರಿಸುವುದು ಸುಲಭ. ವಯಸ್ಸು ಇಪ್ಪತ್ತೈದರ ಒಳಗೋ, ಹಾಸ್ಟೆಲಿನ ಗೆಳೆಯರು ಇನ್ನೂ ಸಂಪರ್ಕದಲ್ಲಿದ್ದಾರೋ, ಮೊದಲನೆಯದನ್ನು ಹಾಕಿ. ವಾರ್ಡನ್ ಸತ್ತಿದ್ದಾನೆ, ಹುಡುಗರ ಹೆಸರು ಬರೆದಿಟ್ಟು ಸತ್ತಿದ್ದಾನೆ, ಮುಂದೆ ಆ ರಾತ್ರಿಯಿಡೀ ಓಡಾಟ. ಕ್ಯಾಮೆರಾ ಕೂಡ ಅವರೊಟ್ಟಿಗೇ ಓಡುತ್ತದೆ. ಕೆಲವರಿಗೆ ತಲೆ ಸುತ್ತಬಹುದು, ನನಗಂತೂ ಆ ಹುಚ್ಚು ಧೈರ್ಯ ಇಷ್ಟವಾಯಿತು.

ಮನೆಯವರೆಲ್ಲ ಕೂಡಿ ನೋಡುವುದಾದರೆ 'ಮುಸ್ತಾಫಾ'. ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಕತೆ ಅದು. ಅದೇ ಸಂಕಲನದಿಂದ ಈ ಹಿಂದೆಯೂ ಹಲವು ಸಿನಿಮಾ ಬಂದಿವೆ, ಕಾಸರವಳ್ಳಿಯವರ 'ತಬರನ ಕಥೆ' ಅದರಲ್ಲೊಂದು. ಕಾಲೇಜಿಗೆ ಮೊದಲ ಬಾರಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ, ಉಳಿದ ಹುಡುಗರಿಗೆ ಅವನ ಬಗ್ಗೆ ಗುಮಾನಿ, ಕೊನೆಗೆ ಕ್ರಿಕೆಟ್. ಶಶಾಂಕ್ ಸೋಗಾಲ್ ತೇಜಸ್ವಿ ಅಭಿಮಾನಿಗಳ ಹಣ ಒಟ್ಟುಗೂಡಿಸಿ ಮಾಡಿದ ಚಿತ್ರ ಇದು. ತೇಜಸ್ವಿಯವರ ಕತೆ ಓದಿದವರಿಗೆ ಸಿನಿಮಾ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಬಹುದು, ನನಗೂ ಅನ್ನಿಸಿತು. ಆದರೂ ಇವತ್ತಿನ ದಿನಗಳಲ್ಲಿ ಹತ್ತನೇ ಕ್ಲಾಸಿನ ಮಗುವಿನ ಪಕ್ಕ ಕೂತು ನೋಡಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಮಕ್ಕಳಿದ್ದರೆ: '777 ಚಾರ್ಲಿ', 'ಮಿಥ್ಯ'

ಒಂದರಲ್ಲಿ ನಾಯಿಯಿದೆ, ಇನ್ನೊಂದರಲ್ಲಿ ಹನ್ನೊಂದು ವರ್ಷದ ಹುಡುಗನಿದ್ದಾನೆ. ಎರಡೂ ಮಕ್ಕಳ ಸಿನಿಮಾ ಅಂದುಕೊಂಡು ಹಾಕಿಬಿಡುವವರಿದ್ದಾರೆ, ಅದಕ್ಕೇ ಈ ಎಚ್ಚರಿಕೆ. 'ಚಾರ್ಲಿ' (2022) ಮಕ್ಕಳ ಜೊತೆ ನೋಡಬಹುದಾದ ಚಿತ್ರ. ಒಂಟಿ ಧರ್ಮನ ಬದುಕಿಗೆ ಬಂದ ಲ್ಯಾಬ್ರಡಾರ್, ಅದಕ್ಕೆ ಹಿಮ ತೋರಿಸಲು ಹೊರಟ ಪಯಣ. ಅಳು ಬರುವುದು ಖಂಡಿತ, ಆದರೆ ಎಲ್ಲರೂ ಒಟ್ಟಿಗೆ ಅಳುವ ಸಿನಿಮಾ ಅದು. ಎರಡೂಮುಕ್ಕಾಲು ಗಂಟೆಯ ಹತ್ತಿರ ಓಡುತ್ತದೆ, ಪುಟ್ಟ ಮಕ್ಕಳಿಗೆ ಮಧ್ಯೆ ಬಿಡುವು ಕೊಡಿ. ಮನೆಯ ನಾಯಿ ಸತ್ತು ಸ್ವಲ್ಪ ದಿನವಷ್ಟೇ ಆಗಿದ್ದರೆ ಹಾಕಲೇಬೇಡಿ.

ಸುಮಂತ್ ಭಟ್ ಅವರ 'ಮಿಥ್ಯ' (2025ರ ಮಾರ್ಚ್ 7) ಮಗುವಿನ ಬಗ್ಗೆ ದೊಡ್ಡವರಿಗಾಗಿ ಮಾಡಿದ ಸಿನಿಮಾ. ಅಪ್ಪ ಅಮ್ಮನನ್ನು ಕಳೆದುಕೊಂಡ ಮಿಥುನ್ ಮುಂಬೈಯಿಂದ ಉಡುಪಿ ಕಡೆಯ ನೆಂಟರ ಮನೆಗೆ ಬಂದಿದ್ದಾನೆ. ಅವನು ಅಳುವುದಿಲ್ಲ. ಅವನು ಅಳದಿರುವುದನ್ನೇ ಚಿತ್ರ ಗಮನವಿಟ್ಟು ನೋಡುತ್ತದೆ. ಆತಿಶ್ ಶೆಟ್ಟಿ ಎಂಬ ಹುಡುಗ ಕ್ಯಾಮೆರಾ ಇದೆ ಎಂಬುದನ್ನೇ ಮರೆತಂತೆ ಇದ್ದಾನೆ. 'ಸು ಫ್ರಮ್ ಸೋ'ದಲ್ಲಿ ನಗಿಸಿದ ಪ್ರಕಾಶ್ ತುಮಿನಾಡ್ ಇಲ್ಲಿ ಅವನನ್ನು ಸಾಕುವ ಮಾವ. ಅದೇ ಮನುಷ್ಯ, ಏನು ಮಾತಾಡಬೇಕೆಂದು ತೋಚದೆ ಕೂರುವುದನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮಕ್ಕಳು ಮಲಗಿದ ಮೇಲೆ ನೋಡಿ.

ಬಯಲುಸೀಮೆಯ ಬಿಸಿಲು: 'ಶಿವಮ್ಮ' ಮತ್ತು 'ಫೋಟೋ'

ಕನ್ನಡ ಸಿನಿಮಾ ಅಂದರೆ ಕರಾವಳಿಯ ಮಳೆ, ಮಲೆನಾಡಿನ ಮಂಜು ಎಂಬಂತಾಗಿದೆ. ಕೊಪ್ಪಳ, ರಾಯಚೂರಿನ ಬಿಸಿಲು ತೆರೆಯ ಮೇಲೆ ಬಂದದ್ದೇ ಕಡಿಮೆ. ಅದಕ್ಕೇ ಈ ಎರಡು ಚಿತ್ರಗಳನ್ನು ಸಿಕ್ಕಲ್ಲೆಲ್ಲ ಹೇಳುತ್ತಾ ಬಂದಿದ್ದೇನೆ.

ಜೈಶಂಕರ್ ಆರ್ಯರ್ ಅವರ 'ಶಿವಮ್ಮ' 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಥಿಯೇಟರಿಗೆ ಬರುವಷ್ಟರಲ್ಲಿ 2024ರ ಜೂನ್ ಆಗಿತ್ತು. ಯರೇಹಂಚಿನಾಳದ ಶಿವಮ್ಮ ಶಾಲೆಯಲ್ಲಿ ಅಡುಗೆ ಮಾಡುವವಳು, ಗಂಡ ಹಾಸಿಗೆ ಹಿಡಿದಿದ್ದಾನೆ. ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಶಕ್ತಿ ಪಾನೀಯ ಮಾರಿದರೆ ಬದುಕು ಬದಲಾಗುತ್ತದೆ ಎಂದು ನಂಬಿ, ಕಂಡವರಿಗೆಲ್ಲ ಅದನ್ನೇ ದಾಟಿಸುತ್ತಾಳೆ. ಶರಣಮ್ಮ ಚೆಟ್ಟಿ ಪಾತ್ರ ಮಾಡಿದ್ದಾರೆ ಎಂದು ಹೇಳುವುದೇ ಕಷ್ಟ, ಅಷ್ಟು ಸಹಜ. ಅವಳ ಮೇಲೆ ಕನಿಕರ ಪಡಿ ಎಂದು ಚಿತ್ರ ಎಲ್ಲೂ ಕೇಳುವುದಿಲ್ಲ. ಅವಳು ಹಟಮಾರಿ, ಬೇರೆಯವರ ದುಡ್ಡನ್ನೂ ಮುಳುಗಿಸುತ್ತಾಳೆ, ಆದರೂ ಸೋಲನ್ನು ಒಪ್ಪದ ಅವಳ ಬಾಯಿ, ಆ ಜವಾರಿ ಮಾತು ನಮ್ಮನ್ನು ನಗಿಸುತ್ತಲೇ ಇರುತ್ತದೆ. ಪ್ರಶಸ್ತಿ ಚಿತ್ರ ಎಂದರೆ ನಿದ್ದೆ ಬರುತ್ತದೆ ಎನ್ನುವವರನ್ನು ಕೂರಿಸಿ ಇದನ್ನೇ ತೋರಿಸಬೇಕು. ಚೀಟಿ ಹಾಕಿ, ಸ್ಕೀಮಿಗೆ ಸೇರಿ ಕೈ ಸುಟ್ಟುಕೊಂಡವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಉತ್ಸವ್ ಗೋನವಾರ ಅವರ 'ಫೋಟೋ' ಹಾಗೆ ನಗಿಸುವುದಿಲ್ಲ. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ರಾಯಚೂರು ಕಡೆಯ ಹುಡುಗನ ಆಸೆ, ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪ, 2020ರ ಲಾಕ್‌ಡೌನ್. ಬಸ್ಸಿಲ್ಲ, ಅಪ್ಪ ಮಗ ನಡೆಯುತ್ತಾರೆ. ನಡೆಯುವುದನ್ನು ಚಿತ್ರ ಚಿಕ್ಕದು ಮಾಡಿ ತೋರಿಸುವುದಿಲ್ಲ, ರಸ್ತೆ ಎಷ್ಟು ಉದ್ದವೋ ನಮಗೂ ಅಷ್ಟೇ ಉದ್ದ. ಆ ದಿನಗಳನ್ನು ಮನೆಯೊಳಗೆ ಕೂತು ಕಳೆದ ನಾವೆಲ್ಲ ಇದನ್ನು ಒಮ್ಮೆ ನೋಡಲೇಬೇಕು, ಆದರೆ ಭಾನುವಾರದ ಊಟದ ನಂತರ ಮನರಂಜನೆಗೆಂದು ಅಲ್ಲ. ಒಂದನ್ನೇ ನೋಡಲು ಸಮಯವಿದ್ದರೆ 'ಶಿವಮ್ಮ'. ಎರಡನ್ನೂ ನೋಡುವುದಾದರೆ 'ಫೋಟೋ' ಮೊದಲು, 'ಶಿವಮ್ಮ' ಆಮೇಲೆ.

ಸ್ಟಾರ್ ಸಿನಿಮಾ ಬೇಕೇ ಬೇಕು ಎಂದರೆ

'ಮ್ಯಾಕ್ಸ್' (2024ರ ಡಿಸೆಂಬರ್ 25) ಒಂದೇ ರಾತ್ರಿಯ ಕತೆ. ಪೊಲೀಸ್ ಠಾಣೆ, ಒಳಗೆ ಮಂತ್ರಿಗಳ ಮಕ್ಕಳ ಹೆಣ, ಹೊರಗೆ ಕಾಯುತ್ತಿರುವ ಗೂಂಡಾಗಳು, ನಡುವೆ ಸುದೀಪ್. ಹಾಡು, ಪ್ರೇಮ ಅಂತ ಎಲ್ಲೂ ನಿಲ್ಲುವುದಿಲ್ಲ. 'ಭೈರತಿ ರಣಗಲ್' (2024ರ ನವೆಂಬರ್ 15) 'ಮಫ್ತಿ' ಚಿತ್ರದ ಹಿಂದಿನ ಕತೆ. ವಕೀಲನೊಬ್ಬ ಡಾನ್ ಆದದ್ದನ್ನು ನಿಧಾನಕ್ಕೆ ಹೇಳುತ್ತದೆ. ಶಿವಣ್ಣನ ಕಣ್ಣಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. 'ಮಫ್ತಿ' ನೋಡಿರದವರಿಗೆ 'ಮ್ಯಾಕ್ಸ್', ನೋಡಿದವರಿಗೆ 'ರಣಗಲ್'. ಎರಡಕ್ಕೂ ಜೋರು ಸೌಂಡು ಬೇಕು, ಪಕ್ಕದಲ್ಲಿ ಶಿಳ್ಳೆ ಹೊಡೆಯುವ ತಮ್ಮನೋ ಭಾವನೋ ಇದ್ದರೆ ಒಳ್ಳೆಯದು.

ಕನ್ನಡ ಬಾರದವರಿಗೆ, ಊರಿಂದ ದೂರ ಇರುವವರಿಗೆ

ಆಫೀಸಿನ ಬೇರೆ ಭಾಷೆಯ ಗೆಳೆಯರಿಗೆ ಯಾವುದು ತೋರಿಸಲಿ ಎಂದು ಬಹಳ ಜನ ಕೇಳುತ್ತಾರೆ. ಎಲ್ಲರೂ ಮೊದಲು ಹೇಳುವುದು 'ಕಾಂತಾರ', ಅದನ್ನು ಅವರು ಆಗಲೇ ನೋಡಿರುತ್ತಾರೆ. 'ಸು ಫ್ರಮ್ ಸೋ' ಸಬ್‌ಟೈಟಲ್ಲಿನಲ್ಲಿ ಅರ್ಧ ಸೋರಿಹೋಗುತ್ತದೆ. ಆ ಮಂಗಳೂರು ಕನ್ನಡದ ರಾಗವೇ ಅದರ ಜೀವ. 'ಶಾಖಾಹಾರಿ' ಹಾಗಲ್ಲ. ಅಡುಗೆಮನೆ, ಭಯ, ಒಂಟಿತನ ಯಾವ ಭಾಷೆಯವರಿಗೂ ಅರ್ಥವಾಗುತ್ತವೆ. ನಾನು ಅದನ್ನೇ ಹೇಳುವುದು. ಹೊರದೇಶದಲ್ಲಿ ಹುಟ್ಟಿ ಬೆಳೆದ, ಕನ್ನಡ ಅಷ್ಟಿಷ್ಟು ಬರುವ ಮಕ್ಕಳಿಗೆ 'ಮುಸ್ತಾಫಾ' ಸರಿಯಾದ ಬಾಗಿಲು. ಅದರಲ್ಲಿ ಕ್ರಿಕೆಟ್ ಇದೆ, ಶಾಲಾ ಕಾಲೇಜಿನ ಪುಂಡಾಟ ಇದೆ, ಮಾತು ಅಷ್ಟೇನೂ ಕಷ್ಟವಿಲ್ಲ. ಅವರಿಗೆ ಹಿಡಿಸಿದರೆ ತೇಜಸ್ವಿಯವರ ಕತೆಯನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಪುಸ್ತಕ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ.